ನೆಟ್‌ವರ್ಕ್ ಪ್ರಶ್ನೋತ್ತರ: ಯೂಟ್ಯೂಬ್ ಓಡುತ್ತದೆ, ಬ್ಯಾಂಕಿನ ಸೈಟ್ ತೆರೆಯದು

(ಲಿನಕ್ಸ್ ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ತಿಳಿಸಿದೆ.)

ಪ್ರಶ್ನೆ: ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೌಟರ್ ಆಗದೆ ಸುಮ್ಮನೆ ದಾಟಿಸುವಂತೆ) ಹಾಕಿ, ನನ್ನದೇ ರೌಟರ್‌ನಿಂದ ಪಿಪಿಪಿಓಇ (ಹೆಸರು, ಪಾಸ್‌ವರ್ಡ್ ಕೊಟ್ಟು ಕಂಪನಿಯ ಜಾಲ ಸೇರುವ ವಿಧಾನ) ಡಯಲ್ ಮಾಡುತ್ತಿದ್ದೇನೆ. ಯೂಟ್ಯೂಬ್ ಸರಾಗ. ಬ್ಯಾಂಕಿನ ಸೈಟ್ ಮಾತ್ರ ಸುತ್ತುತ್ತಲೇ ಇರುತ್ತದೆ. ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿದರೂ ಅಷ್ಟೇ. ಉಬುಂಟು ಬಳಸುತ್ತೇನೆ. (ಸಾಗರ)

ಉತ್ತರ: ಡಿಎನ್‌ಎಸ್‌ನ ತಂಟೆ ಬಿಡಿ. ಇದು ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರಕ್ಕೆ ಸೇರಿದ ತೊಂದರೆಯಂತೆ ಕಾಣುತ್ತದೆ. ಈಥರ್ನೆಟ್‌ನಲ್ಲಿ 1500 ಬೈಟ್ ಹಿಡಿಯುತ್ತದೆ. ಅದರಲ್ಲಿ 8 ಪಿಪಿಪಿಓಇ ಪಾಲು, ನಿಮಗೆ ಉಳಿಯುವುದು 1492. ಕಂಪ್ಯೂಟರ್‌ಗೆ ಇದು ಗೊತ್ತಿಲ್ಲ. ಸಂಪರ್ಕ ಶುರುವಾಗುವಾಗ ‘ನನಗೆ 1460 ಬೈಟ್‌ನ ತುಂಡು ಕಳಿಸು’ ಎಂದು ಸರ್ವರ್‌ಗೆ ಹೇಳುತ್ತದೆ. ಹೆಡರ್‌ನ (ವಿಳಾಸ ಮೊದಲಾದವು ಇರುವ ತಲೆಭಾಗ) 40 ಸೇರಿ 1500 ಆದ ಪ್ಯಾಕೆಟ್ ನಿಮ್ಮ ಲೈನಿಗೆ ಹಿಡಿಸದೆ ನಡುದಾರಿಯಲ್ಲೇ ಬೀಳುತ್ತದೆ. ‘ದೊಡ್ಡದಾಯಿತು’ ಎಂದು ಹಿಂದಕ್ಕೆ ಹೋಗುವ ಐಸಿಎಂಪಿ (ಜಾಲದ ತೊಂದರೆ ತಿಳಿಸುವ) ಸಂದೇಶವನ್ನು ಬ್ಯಾಂಕಿನ ಬದಿಯ ಫೈರ್‌ವಾಲ್ ತಡೆದಿದ್ದರೆ, ಸರ್ವರ್ ಅದೇ ಗಾತ್ರದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತಿರುತ್ತದೆ. ಯೂಟ್ಯೂಬ್ ಬಹುಮಟ್ಟಿಗೆ ಕ್ವಿಕ್ ಎಂಬ ಬೇರೆ ಸಾಗಣೆ ವಿಧಾನದ ಮೂಲಕ, ಇದಕ್ಕಿಂತ ಚಿಕ್ಕ ಪ್ಯಾಕೆಟ್‌ಗಳಲ್ಲಿ ಬರುವುದರಿಂದ ಬಚಾವಾಗುತ್ತದೆ.

ಮೊದಲು ಅಳೆಯಿರಿ: ಪಿಂಗ್ -ಎಂ ಡು -ಎಸ್ 1472 1.1.1.1 (ಎಂ ದೊಡ್ಡಕ್ಷರ; ಡು ಎಂದರೆ ಡಿ, ಓ ಎರಡಕ್ಷರ). 1472ಕ್ಕೆ ಹೆಡರ್‌ನ 28 ಸೇರಿದರೆ 1500. ಇದು ಸೋತು, 1464 ಹಾಕಿದಾಗ ಉತ್ತರ ಬಂದರೆ ದಾರಿಯ ಅಳತೆ 1492. ಇಷ್ಟೇ ದೋಷವಲ್ಲ, ಪಿಪಿಪಿಓಇಗೆ ಇದು ಸಹಜ. ನಿಜವಾದ ಪರೀಕ್ಷೆ ಮುಂದಿನದು: ಸುಡೋ ಐಪಿ ಲಿಂಕ್ ಸೆಟ್ ಡೆವ್ ಎತ್0 ಎಂಟಿಯು 1492. ಎತ್0 ಬದಲಿಗೆ ನಿಮ್ಮ ನೆಟ್‌ವರ್ಕ್ ಕಾರ್ಡಿನ ಹೆಸರು ಹಾಕಿ (ಐಪಿ ಲಿಂಕ್ ಎಂದರೆ ತೋರಿಸುತ್ತದೆ). ಈಗ ಬ್ಯಾಂಕಿನ ಸೈಟ್ ತೆರೆದರೆ ಕಳ್ಳ ಸಿಕ್ಕಂತೆ. ರೀಬೂಟ್ ಆದರೆ ಈ ಬದಲಾವಣೆ ತಾನೇ ಅಳಿಯುತ್ತದೆ.

ಶಾಶ್ವತ ಪರಿಹಾರ ರೌಟರ್‌ನಲ್ಲೇ ಆಗಬೇಕು, ಇಲ್ಲದಿದ್ದರೆ ಮನೆಯ ಪ್ರತಿ ಫೋನಿಗೂ ಇದೇ ಪಾಡು. ವ್ಯಾನ್ (ಹೊರಗಿನ ಇಂಟರ್‌ನೆಟ್ ಬದಿಯ) ಎಂಟಿಯುವನ್ನು ಯಾರೋ ಕೈಯಿಂದ 1500 ಮಾಡಿದ್ದರೆ 1492ಕ್ಕೆ ಇಳಿಸಿ. ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಆ 1460ರ ತುಂಡಿನ ಅಳತೆಯನ್ನು, ಅಂದರೆ ಎಂಎಸ್‌ಎಸ್ ಅನ್ನು, ರೌಟರೇ ತಗ್ಗಿಸುವುದು) ಆನ್ ಮಾಡಿ: ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶದ ರೌಟರ್‌ನಲ್ಲಿ ಫೈರ್‌ವಾಲ್ ಪುಟದ ವ್ಯಾನ್ ಸಾಲಿನಲ್ಲಿ ಅದರ ಚೌಕವಿದೆ, ಮೈಕ್ರೋಟಿಕ್ ಕಂಪನಿಯ ರೌಟರ್‌ನಲ್ಲಿ ಪಿಪಿಪಿ ಪ್ರೊಫೈಲ್‌ನ ‘ಚೇಂಜ್ ಟಿಸಿಪಿ ಎಂಎಸ್‌ಎಸ್’. ಆಮೇಲೆ ರೌಟರ್‌ನ ವ್ಯಾನ್ ಬದಿಯಲ್ಲಿ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಆಜ್ಞೆ) ಓಡಿಸಿ, ಹೊರಹೋಗುವ ಸಿನ್ (ಸಂಪರ್ಕ ಶುರುಮಾಡುವ) ಪ್ಯಾಕೆಟ್ ನೋಡಿ. ಎಂಎಸ್‌ಎಸ್ 1452 ಕಂಡರೆ ಸರಿ. 1460 ಇದ್ದರೆ ಸೆಟ್ಟಿಂಗ್ ಹತ್ತಿಲ್ಲ. ‘ಭದ್ರತೆ’ ಎಂದು ನಿಮ್ಮ ರೌಟರ್‌ನಲ್ಲೂ ಐಸಿಎಂಪಿಯನ್ನು ಪೂರ್ತಿ ಮುಚ್ಚಬೇಡಿ. ಹೊಸ ವಿಳಾಸ ಪದ್ಧತಿಯಾದ ಐಪಿವಿ6ಗಂತೂ ಅದಿಲ್ಲದೆ ಗತಿಯಿಲ್ಲ.

ಪ್ರಶ್ನೆ: ಹಳೆಯ ರೌಟರನ್ನು ಮಹಡಿಯಲ್ಲಿ ವೈಫೈಗಾಗಿ ಇಟ್ಟೆ. ಕೆಲವು ಫೋನ್‌ಗಳು ಕನೆಕ್ಟ್ ಆಗುತ್ತವೆ, ಇಂಟರ್‌ನೆಟ್ ಇಲ್ಲ. (ಹಾಸನ)

ಉತ್ತರ: ಮನೆಯಲ್ಲಿ ಇಬ್ಬರು ವಿಳಾಸ ಹಂಚುತ್ತಿದ್ದಾರೆ. ಹಳೆಯದರ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಸೇವೆ, ಇನ್ನೂ ಚಾಲೂ ಇದೆ. ಅದರ ಕೈಗೆ ಸಿಕ್ಕ ಫೋನ್ ಆ ಹಳೆಯ ರೌಟರನ್ನೇ ಹೆಬ್ಬಾಗಿಲೆಂದು ನಂಬುತ್ತದೆ. ಲ್ಯಾಪ್‌ಟಾಪಿನಲ್ಲಿ ಐಪಿ ರೂಟ್ ಎಂದು ಟೈಪ್ ಮಾಡಿ. ‘ಡಿಫಾಲ್ಟ್ ವಯಾ’ ಮುಂದೆ ಮುಖ್ಯ ರೌಟರ್‌ನ ವಿಳಾಸವೇ ಇರಬೇಕು. ಕೆಲಸದ ಕ್ರಮ ಮುಖ್ಯ. ಮುಖ್ಯ ರೌಟರ್ 192.168.1.1 ಆಗಿದ್ದರೆ, ಹಳೆಯದರ ಲ್ಯಾನ್ (ಮನೆಯೊಳಗಿನ ಬದಿಯ) ವಿಳಾಸವನ್ನು ಮೊದಲು 192.168.1.2 ಮಾಡಿ, ಆ ಸಂಖ್ಯೆ ಮುಖ್ಯ ರೌಟರ್ ಹಂಚುವ ಪಟ್ಟಿಯಲ್ಲಿ ಇರಬಾರದು. ಹೊಸ ವಿಳಾಸದಿಂದ ಮತ್ತೆ ಒಳಹೊಕ್ಕು ಡಿಎಚ್‌ಸಿಪಿ ಆಫ್ ಮಾಡಿ. ಕೇಬಲನ್ನು ಲ್ಯಾನ್‌ನಿಂದ ಲ್ಯಾನ್‌ಗೆ ಚುಚ್ಚಿ, ವ್ಯಾನ್ ಪೋರ್ಟ್ ಖಾಲಿ ಇರಲಿ.

ಪ್ರಶ್ನೆ: 300 ಎಂಬಿಪಿಎಸ್ ಪ್ಲಾನ್, ಕೇಬಲ್‌ನಲ್ಲಿ 94 ದಾಟುವುದಿಲ್ಲ. (ಧಾರವಾಡ)

ಉತ್ತರ: ಸುಡೋ ಎತ್‌ಟೂಲ್ ಎತ್0 ಕೊಟ್ಟಾಗ ಸ್ಪೀಡ್ 100 ಎಂದು ಬಂದರೆ ಮೊದಲು ಕೇಬಲ್ಲನ್ನೇ ಅನುಮಾನಿಸಿ. 100ಕ್ಕೆ 1, 2, 3, 6ನೇ ಪಿನ್‌ಗಳ ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಕಡಿದಿದ್ದರೂ ಕಾರ್ಡು ಸಾಮಾನ್ಯವಾಗಿ ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಬೇರೆ ಕೇಬಲ್ ಹಾಕಿ ನೋಡಿ, ಇಲ್ಲವೇ ಎರಡೂ ತುದಿಯ ಪ್ಲಗ್ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿಸಿ. ರೌಟರ್‌ನ ಪೋರ್ಟೇ 100ರದ್ದಾಗಿದ್ದರೆ ಮಾತ್ರ ಯಾವ ಕೇಬಲ್ಲೂ ಉಪಯೋಗಕ್ಕೆ ಬಾರದು.