ಮೇಲಿನ ಹಣ್ಣು, ಕೆಳಗಿನ ಹಣ್ಣು

ಮುಳಬಾಗಿಲಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ ಬಂದಿದೆ. ಚಿಕ್ಕದಾಗಿ ಇಲ್ಲಿ ಕೊಟ್ಟಿದ್ದೇನೆ:

“ನಲವತ್ತು ವರ್ಷದಿಂದ ಹಳೇ ನಾಣ್ಯ, ಹಿತ್ತಾಳೆ ಸಾಮಾನು ಸಂಗ್ರಹಿಸುತ್ತಿದ್ದೇನೆ. ಮುಂಚೆ ಸಂತೆ, ಗುಜರಿ ಅಂಗಡಿ ಅಂತ ಸುತ್ತುತ್ತಿದ್ದೆ. ಈಗ ಎಲ್ಲಾ ಮೊಬೈಲಿನಲ್ಲಿ ಹರಾಜು. ಮೊನ್ನೆ ಕೆಜಿಎಫ್ ಗಣಿಯ ದೀಪವೊಂದನ್ನು ಕೊನೇ ಗಳಿಗೆಯಲ್ಲಿ ಯಾರೋ ನೂರು ರೂಪಾಯಿ ಜಾಸ್ತಿ ಹಾಕಿ ಹೊಡೆದುಕೊಂಡರು. ಇದು ದುಡ್ಡಿದ್ದವರ ಆಟ. ನಮ್ಮಂಥವರು ಬಿಟ್ಟುಬಿಡುವುದೇ ವಾಸಿ ಅಲ್ವಾ? ಇನ್ನೊಂದು ಮಾತು, ನಮ್ಮಜ್ಜಿಯ ಅಡಕತ್ತರಿಯನ್ನೂ ಹರಾಜಿಗೆ ಹಾಕೋಣ ಅನ್ನುತ್ತಾನೆ ಮಗ. ಏನು ಮಾಡಲಿ?”

ಮೇಷ್ಟ್ರೇ, ನಮಸ್ಕಾರ.

ದಯವಿಟ್ಟು ಬಿಡಬೇಡಿ. ಮೊದಲು ಆ ದೀಪದ ವಿಷಯ ಹೇಳಿಬಿಡುತ್ತೇನೆ, ಅದು ನಿಮ್ಮ ಮನಸ್ಸನ್ನು ಕೊರೆಯುತ್ತಿದೆ ಅಂತ ಪತ್ರ ಓದಿದರೇ ಗೊತ್ತಾಗುತ್ತದೆ. ನೂರು ರೂಪಾಯಿಗೆ ತಪ್ಪಿತು ಅಂತ ಬರೆದಿದ್ದೀರಿ. ಬಹುಶಃ ಹಾಗಾಗಿಲ್ಲ. ಆನ್‌ಲೈನ್ ಹರಾಜಿನಲ್ಲಿ ಎಷ್ಟರ ತನಕ ಹೋಗಬಲ್ಲೆ ಅಂತ ಒಂದೇ ಸಲ ಹೇಳಿ ಸುಮ್ನಾಗಬಹುದು. ಎದುರಿನವರು ಕೂಗಿದಷ್ಟಕ್ಕೆ ಒಂದು ಮೆಟ್ಟಿಲು ಮೇಲೆ ಮಾತ್ರ ಯಂತ್ರ ಏರಿಸುತ್ತಾ ಹೋಗುತ್ತದೆ. ಅವರು 4,000ದ ತನಕ ಅಂತ ಹಾಕಿದ್ದು, ನೀವು 2,500 ಅಂದಿದ್ದರೆ ದೀಪ 2,600ಕ್ಕೆ ಹೋಯಿತು ಅಂತ ತೋರಿಸುತ್ತದೆ. ನೋಡುವವರಿಗೆ ನೂರು ರೂಪಾಯಿ ವ್ಯತ್ಯಾಸ. ನಿಜಕ್ಕೂ ಇದ್ದದ್ದು 1,500. ಹಾಗಾಗಿ ಐವತ್ತು, ನೂರು ಅಂತ ಏರಿಸುತ್ತಾ ರಾತ್ರಿಯೆಲ್ಲಾ ಕೂರಬೇಡಿ. ಕಮಿಷನ್ನು, ತೆರಿಗೆ, ಕೊರಿಯರ್ ಖರ್ಚು ಎಲ್ಲಾ ಕಳೆದು, ನಿಮಗೆ ಆ ವಸ್ತು ಎಷ್ಟು ಬೆಲೆ ಬಾಳುತ್ತದೆ ಅನ್ನೋದನ್ನ ಕಾಗದದ ಮೇಲೆ ಬರೆದುಕೊಳ್ಳಿ. ಅಷ್ಟನ್ನು ಒಂದೇ ಸಲ ಹಾಕಿ ಮಲಗಿಬಿಡಿ.

ದುಡ್ಡಿದ್ದವರ ಆಟ ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹಳೇ ಕಾಲ ಅಷ್ಟು ನ್ಯಾಯವಾಗಿತ್ತಾ, ಯೋಚನೆ ಮಾಡಿ. 1960ರ ದಶಕದಲ್ಲಿ ಕಿಲೋ, ಲೀಟರು ಬಂದ ಮೇಲೆ ಮನೆಮನೆಯ ಸೇರು, ಪಾವು, ಚಟಾಕುಗಳಿಗೆ ಕೆಲಸ ಇಲ್ಲದಂತಾಯಿತು. ಹಳೇ ಹಿತ್ತಾಳೆಗೆ ಸ್ಟೀಲ್ ಪಾತ್ರೆ ಅಂತ ಕೂಗಿಕೊಂಡು ಬಂದವರ ತಕ್ಕಡಿಗೆ ಎಷ್ಟು ಹೋದವು! ಬಾಗಿಲಲ್ಲಿ ನಿಂತ ಹೆಂಗಸಿಗೆ ಅದರ ಬೆಲೆ ಕೇಳಲು ಇನ್ನೊಂದು ಜಾಗ ಇರಲಿಲ್ಲ. ಬೆಲೆ ಗೊತ್ತಿದ್ದದ್ದು ಕೊಳ್ಳುವವರಿಗೆ ಮಾತ್ರ. ಅಮೆರಿಕದಲ್ಲಿ ಇಬೇ ಅನ್ನುವ ಆನ್‌ಲೈನ್ ಹರಾಜಿನ ಅಂಗಡಿ 1995ರಲ್ಲಿ ಶುರುವಾಯಿತು. 2004ರಲ್ಲಿ ಇಲ್ಲಿನ ಬಾಜೀ ಡಾಟ್ ಕಾಮ್ ಅನ್ನುವ ಅಂಥದ್ದೇ ಅಂಗಡಿಯನ್ನು ಕೊಂಡುಕೊಂಡು ನಮ್ಮ ದೇಶಕ್ಕೂ ಬಂತು. 2018ರಲ್ಲಿ ಆ ಅಂಗಡಿ ಇಲ್ಲಿ ಮುಚ್ಚಿತು, ಆದರೆ ಅಭ್ಯಾಸ ಉಳಿಯಿತು. ಈಗ ಅದೇ ಥರದ ಸೇರು ಎಷ್ಟಕ್ಕೆ ಹೋಗಿದೆ ಅಂತ ಮೊಮ್ಮಗಳು ಅಜ್ಜಿಗೆ ಫೋನಿನಲ್ಲಿ ತೋರಿಸಬಹುದು. ನನ್ನ ಲೆಕ್ಕದಲ್ಲಿ ಇದು ದೊಡ್ಡ ವಿಷಯ. ಎಲ್ಲರ ಅಟ್ಟದ ಸಾಮಾನೂ ಒಂದೇ ಸಂತೆಗೆ ಬಂದಿರುವುದರಿಂದ, ಅಪರೂಪ ಅಂದುಕೊಂಡಿದ್ದ ಎಷ್ಟೋ ವಸ್ತು ಸಾಮಾನ್ಯ ಅಂತಲೂ ಗೊತ್ತಾಗಿ ಬೆಲೆ ಇಳಿದಿದೆ. ನಿಮ್ಮಂಥವರಿಗೆ ಅದು ಒಳ್ಳೆಯದೇ.

ಕೆಟ್ಟದ್ದು ಬೇರೆ ಇದೆ. ಅದಕ್ಕೆ ನಾನೇ ದುಡ್ಡು ತೆತ್ತಿದ್ದೇನೆ. ಕೆಲವು ವರ್ಷದ ಹಿಂದೆ ಟಿಪ್ಪುವಿನ ಆನೆ ಪೈಸೆ ಅಂತ ಒಂದನ್ನು ಆನ್‌ಲೈನಿನಲ್ಲಿ ಹಿಡಿದೆ. ಹೈದರ್ ಹುಟ್ಟಿದ ಬೂದಿಕೋಟೆ ನಮ್ಮ ಕೋಲಾರ ಜಿಲ್ಲೆಯದೇ, ಆ ಅಭಿಮಾನವೂ ಸೇರಿತ್ತು. ಫೋಟೋದಲ್ಲಿ ಆನೆ ಚೆನ್ನಾಗಿತ್ತು. ಟಿಪ್ಪುವಿನ ಕಾಲಗಣನೆಯ ವರ್ಷದ ಅಂಕಿ ಬಲದಿಂದ ಎಡಕ್ಕೆ ಬರೆದಿತ್ತು, ಅಂದರೆ 1222 ಅನ್ನೋದು 2221 ಅಂತ. ಟಿಪ್ಪು ತಂದ ಪದ್ಧತಿ ಅದು, ಸರಿಯಾಗಿಯೇ ಇತ್ತು. ಕೈಗೆ ಬಂದಾಗ ಹಗುರ ಅನ್ನಿಸಿತು. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂಬತ್ತು ಗ್ರಾಂ ಚಿಲ್ಲರೆ. ಇರಬೇಕಾದದ್ದು ಹನ್ನೊಂದು ಗ್ರಾಮಿನ ಆಸುಪಾಸು. ಅವರು ಮಸೂರ ಕೊಟ್ಟರು. ಅಂಚಿನ ಸುತ್ತ ಕೂದಲೆಳೆಯಂಥ ಗೆರೆ, ಅದನ್ನು ಅರ ಹಾಕಿ ಉಜ್ಜಿದ ಗುರುತು. ಆನೆಯ ಹೊಟ್ಟೆಯ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಂಡಿ. ಅಚ್ಚು ಹೊಡೆದ ನಾಣ್ಯವಲ್ಲ, ಎರಕ ಹೊಯ್ದ ನಕಲಿ. ಇದ್ಯಾವುದೂ ಫೋಟೋದಲ್ಲಿ ಕಂಡಿರಲಿಲ್ಲ.

ಕೋಲಾರದವರಿಗೆ ಹರಾಜು ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಎಪಿಎಂಸಿಯಲ್ಲಿ ಟೊಮ್ಯಾಟೊ ಹರಾಜು ನೋಡಿಯೇ ಬೆಳೆದವರು ನಾವು. ಮೇಲಿನ ಸಾಲಿನ ಹಣ್ಣು ನೋಡಿ ಯಾರೂ ಬೆಲೆ ಕೂಗುವುದಿಲ್ಲ, ಕ್ರೇಟಿನ ತಳಕ್ಕೆ ಕೈ ಹಾಕಿ ಕೆಳಗಿನ ಹಣ್ಣನ್ನೂ ನೋಡುತ್ತಾರೆ. ರೇಷ್ಮೆ ಗೂಡಿನ ಮಾರುಕಟ್ಟೆಗಳಲ್ಲಂತೂ ಇ-ಹರಾಜೇ ಬಂದಿದೆ. ಆದರೂ ನೂಲು ತೆಗೆಯುವ ರೀಲರುಗಳು ಮೊದಲು ಗೂಡನ್ನು ಕೈಯಲ್ಲಿ ಹಿಡಿದು, ಒತ್ತಿ, ಅಲ್ಲಾಡಿಸಿ ನೋಡುತ್ತಾರೆ, ಆಮೇಲೆ ಮೊಬೈಲಿನಲ್ಲಿ ಬೆಲೆ ಹಾಕುತ್ತಾರೆ. ಮೊಬೈಲಿನಿಂದ ಮೋಸ ಆಗುವುದಿಲ್ಲ ಮೇಷ್ಟ್ರೇ, ಮುಟ್ಟದೆ ಕೊಳ್ಳುವುದರಿಂದ ಆಗುತ್ತದೆ. ಅದಕ್ಕೇ ಮಾರುವವರನ್ನು ನಾಚಿಕೆಯಿಲ್ಲದೆ ಕೇಳಿ: ತೂಕ ಎಷ್ಟು, ಅಂಚಿನ ಫೋಟೋ ಕಳಿಸಿ, ತಳದ ಫೋಟೋ ಕಳಿಸಿ, ಸುಳ್ಳಾದರೆ ವಾಪಸ್ ತಗೋತೀರಾ. ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಕೆಲವನ್ನಂತೂ ನೋಡುವುದೇ ಬೇಡ. ಒಂದು ಕಡೆ ರಾಮ ಪಟ್ಟಾಭಿಷೇಕ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, 1818 ಅಂತ ಇರುವ ನಾಣ್ಯವನ್ನು ಕಂಪನಿ ಯಾವತ್ತೂ ಹೊಡೆಸಲಿಲ್ಲ. ಅದಕ್ಕೆ ಅಕ್ಕಿಯನ್ನು ತನ್ನತ್ತ ಎಳೆಯುವ ಶಕ್ತಿ ಇದೆ ಅಂತ ನಂಬಿಸಿ ಮನೆ ಮಾರಿಸಿದವರಿದ್ದಾರೆ. ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಅನ್ನುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ವೀರಗಲ್ಲು, ದೇವರ ವಿಗ್ರಹ ಹರಾಜಿಗೆ ಬಂದರೆ ದೂರ ಇರಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಿಗ್ರಹವನ್ನು ನೋಂದಾಯಿಸಬೇಕು. ಅಂಥ ವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತೆಯೇ ಇಲ್ಲ.

ನನಗೆ ನಿಜವಾಗಿ ಸಂಕಟ ಆಗುವುದು ಇನ್ನೊಂದಕ್ಕೆ. ನಿಮ್ಮ ಕೈ ತಪ್ಪಿದ ಆ ದೀಪದ ಬಗ್ಗೆ ಹರಾಜಿನಲ್ಲಿ ಏನು ಬರೆದಿದ್ದರು? “ವಿಂಟೇಜ್ ಮೈನರ್ಸ್ ಲ್ಯಾಂಪ್, ಹಿತ್ತಾಳೆ” ಅಂತ ನೀವೇ ತಿಳಿಸಿದ್ದೀರಿ. ಅಷ್ಟೇ. ಅದು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತಾ, ನಂದಿದುರ್ಗ ಗಣಿಯದ್ದಾ, ಯಾರ ಕೈಯಲ್ಲಿತ್ತು, ಯಾವುದೂ ಇಲ್ಲ. ಗಣಿ ಮುಚ್ಚಿದ್ದು 2001ರಲ್ಲಿ. ಇಳಿದು ಹತ್ತಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಿದರೆ ಹೇಳುತ್ತಾರೆ. ಆದರೆ ಆ ವಸ್ತು ಎರಡು ಸಲ ಕೊರಿಯರಿನಲ್ಲಿ ಹೋದರೆ ಅದರ ಊರು ಅಳಿಸಿಹೋಗುತ್ತದೆ. ಆಮೇಲೆ ಎಷ್ಟು ಲಕ್ಷ ಕೊಟ್ಟರೂ ವಾಪಸ್ ಬರುವುದಿಲ್ಲ.

ನಿಮ್ಮ ನಲವತ್ತು ವರ್ಷದ ಸಂಗ್ರಹಕ್ಕೆ ಒಂದು ನೋಟ್‌ಬುಕ್ ಇಡಿ. ಯಾವ ಸಂತೆ, ಯಾವ ವರ್ಷ, ಯಾರ ಮನೆ, ಎಷ್ಟು ಕೊಟ್ಟಿರಿ, ಅವರು ಏನು ಹೇಳಿದರು, ನೆನಪಿರುವುದನ್ನೆಲ್ಲಾ ಬರೆಯಿರಿ. ನಿಮ್ಮ ಹತ್ತಿರ ಇರುವ ಆ ಮಾಹಿತಿ ಯಾವ ಹರಾಜಿನಲ್ಲೂ ಸಿಗುವುದಿಲ್ಲ. ದುಡ್ಡಿದ್ದವರಿಗೂ ಸಿಗುವುದಿಲ್ಲ.

ಇನ್ನು ಅಡಕತ್ತರಿ. ಮಗನ ಮೇಲೆ ಸಿಟ್ಟಾಗಬೇಡಿ. ಬೆಲೆ ಎಷ್ಟಿದೆ ಅಂತ ಇಬ್ಬರೂ ಕೂತು ನೋಡಿ. ಆಮೇಲೆ ಅಜ್ಜಿ ಯಾವ ಕಡೆ ಕಾಲು ಚಾಚಿಕೊಂಡು ಕೂತು ಅಡಿಕೆ ಕತ್ತರಿಸುತ್ತಿದ್ದರು, ಜೊತೆಗೆ ಸುಣ್ಣದ ಡಬ್ಬಿ ಎಲ್ಲಿರುತ್ತಿತ್ತು ಅಂತ ಅವನಿಗೆ ಹೇಳಿ. ಮಾರುವುದೋ ಬಿಡುವುದೋ ಅವನೇ ಆಮೇಲೆ ಹೇಳಲಿ. ಮಾರಿದರೂ ಸರಿ, ಅದರ ಕಥೆ ಬರೆದ ಚೀಟಿ ಜೊತೆಗೇ ಹೋಗಲಿ. ಮತ್ತೆ, ಫೋಟೋ ತೆಗೆಯುವ ಮುಂಚೆ ಹುಣಸೆಹಣ್ಣು ಹಾಕಿ ಉಜ್ಜಿಬಿಡಬೇಡಿ. ಅಷ್ಟು ವರ್ಷ ಕೈ ತಾಗಿ ಬಂದ ಬಣ್ಣ ಒಂದೇ ನಿಮಿಷಕ್ಕೆ ಹೋಗುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಕೀಲಿಗೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಡಿ, ಸಾಕು.

— ಸಂಪಾದಕ