ನಾಯಿಮರಿ ಫುಡ್: ಅಂಗಡಿಯಲ್ಲಾ, ಆನ್‌ಲೈನಲ್ಲಾ?

ಮರಿಗೆ 3 ಕೆಜಿ ಬ್ಯಾಗ್ ಆನ್‌ಲೈನಲ್ಲಿ ತರಿಸಲಾ, ಪಕ್ಕದ ಅಂಗಡಿಯಲ್ಲೇ ಚಿಕ್ಕ ಪ್ಯಾಕ್ ತಗೊಳ್ಳಲಾ ಅಂತ ಕೇಳಿದ್ದೀರಿ. ಸುಮ್ನೆ ಬ್ಯಾಗಿನ ಬೆಲೆ ನೋಡಬೇಡಿ, ಕೆಜಿಗೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ. ಉದಾಹರಣೆಗೆ 1.2 ಕೆಜಿ ಪ್ಯಾಕಿಗೆ 360 ರೂಪಾಯಿ ಅಂದರೆ ಕೆಜಿಗೆ 300. 3 ಕೆಜಿಯದು 810 ಅಂದರೆ 270, ಆದರೆ ಡೆಲಿವರಿಗೆ 90 ಸೇರಿಸಿದರೆ ಅದೂ 300ಕ್ಕೇ ಬಂತು, ಅಲ್ವಾ?

ದೊಡ್ಡ ಬ್ಯಾಗ್ ಆದರೆ ತಾರೀಖು ನೋಡಿ. ನಾನೊಮ್ಮೆ ಆಫರ್ ಅಂತ 10 ಕೆಜಿ ತರಿಸಿದೆ, ಎಕ್ಸ್‌ಪೈರಿಗೆ ಎರಡೇ ತಿಂಗಳಿತ್ತು. ಕೊನೆಕೊನೆಗೆ ಕಮಟು ಎಣ್ಣೆ ವಾಸನೆ; ನಮ್ಮ ರಾಣಿ ಬಟ್ಟಲು ಮೂಸಿ, ನನ್ನ ಮುಖ ನೋಡಿ, ಹೋಗಿ ಮಲಗಿದಳು. ಲೂಸ್ ಆಗಿ ತೂಗಿ ಕೊಡುವುದು ಅಗ್ಗವೇ, ಆದರೆ ಯಾವಾಗಿನದೋ ಗೊತ್ತಾಗುವುದಿಲ್ಲ, ಬೇಡ. ಅಂಗಡಿಯವರಿಗೆ ಮೊಬೈಲಲ್ಲಿ ಆನ್‌ಲೈನ್ ಬೆಲೆ ತೋರಿಸಿ ಕೇಳಿ, ನಮ್ಮವರಂತೂ ಎಂಆರ್‌ಪಿಗಿಂತ ಸ್ವಲ್ಪ ಕಮ್ಮಿ ಮಾಡಿ ಕೊಡುತ್ತಾರೆ.