ಕಯಾಕ್‌ನಲ್ಲಿ ಪಿಸ್ತೂಲು ಬೇಕೇ? ಮೊದಲು ವೀಸಾ ನೋಡಿಕೊಳ್ಳಿ

ನಮಸ್ಕಾರ. ನಿಮ್ಮ ಪ್ರಶ್ನೆ ಇಷ್ಟು: ಎಚ್-1ಬಿ ಉದ್ಯೋಗ ವೀಸಾ ಮೇಲೆ ಡಲ್ಲಾಸ್‌ಗೆ ಬಂದು ಕೆಲವು ತಿಂಗಳಾಗಿದೆ. ಆಫೀಸಿನವರು ಶನಿವಾರ-ಭಾನುವಾರ ಲೂಯಿಸ್‌ವಿಲ್ ಕೆರೆಗೆ, ಹುಟ್ಟು ಹಾಕುವ ಸಣ್ಣ ದೋಣಿಯ ಕಯಾಕಿಂಗ್‌ಗೆ ಕರೆಯುತ್ತಿದ್ದಾರೆ. ಅವರಲ್ಲಿ ಒಂದಿಬ್ಬರು ಹಾವು, ಮೊಸಳೆ, ಪುಂಡರು ಅಂತ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡೇ ನೀರಿಗಿಳಿಯುತ್ತಾರೆ. ಟೆಕ್ಸಸ್‌ನಲ್ಲಿ ಲೈಸೆನ್ಸೇ ಬೇಡವಂತೆ, ಕೊಡಗಿನ ಮನೆಯಲ್ಲಿ ಕೋವಿ ಹಿಡಿದು ಅಭ್ಯಾಸವೂ ಇದೆ, ನಾನೂ ಒಂದು ಕೊಳ್ಳಬಹುದೇ?

ಕೊಳ್ಳಬೇಡಿ. ಗೆಳೆಯರದ್ದನ್ನು ಕೈಯಲ್ಲಿ ಹಿಡಿದು ನೋಡುವುದೂ ಬೇಡ.

ಲೈಸೆನ್ಸ್ ಬೇಡ ಅನ್ನುವುದು ಅರ್ಧ ಸತ್ಯ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ತುಂಬಿದವರು ಪರವಾನಗಿ ಇಲ್ಲದೆ ಪಿಸ್ತೂಲು ಒಯ್ಯಬಹುದು, ನಿಜ. ಆದರೆ ಅದು ಬಂದೂಕು ಹೊಂದುವ ಹಕ್ಕು ಮೊದಲೇ ಇದ್ದವರಿಗೆ ಮಾತ್ರ. ನಿಮಗೆ ಆ ಹಕ್ಕು ಇಲ್ಲದಿರುವುದು ರಾಜ್ಯದ ಕಾನೂನಿನಿಂದಲ್ಲ, ಕೇಂದ್ರದ ಕಾನೂನಿನಿಂದ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲವೂ ವಲಸೆಯೇತರ ವೀಸಾಗಳು, ಅಂದರೆ ಕಾಯಂ ನೆಲೆಸಲು ಕೊಟ್ಟವಲ್ಲ. ಈ ವೀಸಾಗಳ ಮೇಲೆ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಸಿಕ್ಕಿಬಿದ್ದು ಶಿಕ್ಷೆಯಾದರೆ 15 ವರ್ಷದವರೆಗೆ ಜೈಲು. 2022ಕ್ಕೆ ಮುಂಚೆ 10 ವರ್ಷ ಇತ್ತು. ಕೊಟ್ಟವನಿಗೂ ಅಷ್ಟೇ ಶಿಕ್ಷೆ, ನಿಮ್ಮ ವೀಸಾ ಯಾವುದೆಂದು ಗೊತ್ತಿದ್ದೂ ಕೊಟ್ಟಿದ್ದರೆ. ದೋಣಿ ಹತ್ತುವಾಗ ‘ಒಂದು ನಿಮಿಷ ಇದನ್ನ ಹಿಡ್ಕೋ’ ಅಂತ ಗೆಳೆಯ ಕೈಗೆ ಕೊಡುವ ಪಿಸ್ತೂಲೂ ಇದರಲ್ಲೇ ಬರುತ್ತದೆ. ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲಿನಿಂದ ನಾಲ್ಕು ಗುಂಡು ಹಾರಿಸುವುದೂ ಅಷ್ಟೆ. ಹೊಸಬರನ್ನು ಖುಷಿಪಡಿಸಲೆಂದು ಇಲ್ಲಿನ ತಂಡಗಳು ಮೊದಲು ಕರೆದುಕೊಂಡು ಹೋಗುವುದೇ ಅಲ್ಲಿಗೆ, ಹಾಗಾಗಿ ಹೇಳಿದೆ.

ಒಂದು ವಿನಾಯಿತಿ ಇದೆ, ಅದನ್ನು ಯಾರಾದರೂ ನಿಮ್ಮ ಕಿವಿಗೆ ಹಾಕಿಯೇ ಹಾಕುತ್ತಾರೆ: ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಈ ನಿಷೇಧ ತಟ್ಟುವುದಿಲ್ಲ. ಮೀನು ಹಿಡಿಯುವ ಲೈಸೆನ್ಸ್ ಸಾಲದು, ಬೇಟೆಯದ್ದೇ ಆಗಬೇಕು. ಆದರೆ ಟೆಕ್ಸಸ್‌ನ ವಾರ್ಷಿಕ ಬೇಟೆ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಹೊಸದು ಮಾಡಿಸಲು ಮರೆತರೆ ಸೆಪ್ಟೆಂಬರ್ 1ರ ಬೆಳಿಗ್ಗೆ ಕಪಾಟಿನಲ್ಲಿ ತೆಪ್ಪಗೆ ಮಲಗಿರುವ ಅದೇ ಬಂದೂಕು ನಿಮ್ಮನ್ನು ಅಪರಾಧಿ ಮಾಡುತ್ತದೆ. ಮೇಲಾಗಿ ನಾಳೆ ವೀಸಾ ಸ್ಟಾಂಪಿಂಗ್‌ಗೆ, ಗ್ರೀನ್ ಕಾರ್ಡ್ ಸಂದರ್ಶನಕ್ಕೆ ಕೂರುವವರು ನೀವು. ಬೇಟೆಯಲ್ಲಿ ನಿಜಕ್ಕೂ ಆಸಕ್ತಿ ಇದ್ದರೆ ಮಾತು ಬೇರೆ, ಆಗಲೂ ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯಿರಿ. ಕಯಾಕ್‌ಗೋಸ್ಕರ ಈ ಕಿಂಡಿಯಲ್ಲಿ ನುಸುಳುವುದು ಬುದ್ಧಿವಂತಿಕೆ ಅಲ್ಲ. ಕೊಡಗಿನವರಿಗೆ ಇರುವ ಕೋವಿಯ ವಿನಾಯಿತಿ ನಮ್ಮ ದೇಶದ ಆಯುಧ ಕಾಯ್ದೆಯದ್ದು, ಇಲ್ಲಿ ಅದರ ಹೆಸರು ಹೇಳಿ ಏನೂ ಆಗಬೇಕಾದ್ದಿಲ್ಲ.

ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಕೇಂದ್ರದ ಈ ತಡೆ ಹೋಗುತ್ತದೆ. ಅರ್ಜಿ ಹಾಕಿ ಸರದಿ ಕಾಯುವುದು ಗ್ರೀನ್ ಕಾರ್ಡ್ ಅಲ್ಲ. (ಭಾರತದವರ ಸರದಿ ಬರುವ ಹೊತ್ತಿಗೆ ಕಯಾಕ್‌ನಲ್ಲಿ ಕಾಲು ಮಡಚಿ ಕೂರಲು ಮಂಡಿ ಒಪ್ಪಿದರೆ ಪುಣ್ಯ.) ಅಲ್ಲಿಯವರೆಗೆ ನಿಮ್ಮ ಜೊತೆ ಬರುವವರ ಬಳಿ ಪಿಸ್ತೂಲು ಇದ್ದರೆ ಅದು ಅವರ ಮೈಮೇಲೇ ಅಥವಾ ಅವರ ಬೀಗದ ಪೆಟ್ಟಿಗೆಯಲ್ಲೇ ಇರಲಿ, ಬೀಗದ ಕೈ ಅವರ ಹತ್ತಿರವೇ ಇರಲಿ. ನಿಮ್ಮ ಕಾರಿನ ಗ್ಲೋವ್ ಬಾಕ್ಸ್, ನಿಮ್ಮ ಡ್ರೈ ಬ್ಯಾಗ್, ನಿಮ್ಮ ಟೆಂಟ್ ಬೇಡ. ಕೈಯಲ್ಲಿ ಹಿಡಿಯದಿದ್ದರೂ ನಿಮ್ಮ ಹತೋಟಿಯಲ್ಲಿತ್ತು ಎಂದಾದರೆ ಅದೂ ಹೊಂದಿರುವುದೇ.

ಇನ್ನು ನಿಮ್ಮ ಆಫೀಸಿನವರಿಗೂ ಬಹುಶಃ ಗೊತ್ತಿಲ್ಲದ ವಿಷಯ. ನೀವು ಹೋಗಬೇಕೆಂದಿರುವ ಲೂಯಿಸ್‌ವಿಲ್ ಕೆರೆ, ಪಕ್ಕದ ಗ್ರೇಪ್‌ವೈನ್, ಲವಾನ್, ಒಕ್ಲಹೋಮಾ ಗಡಿಯ ಟೆಕ್ಸೋಮಾ, ಇವೆಲ್ಲ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್ (ಅಮೆರಿಕ ಸೇನೆಯ ಎಂಜಿನಿಯರಿಂಗ್ ವಿಭಾಗ) ಕಟ್ಟಿದ ಅಣೆಕಟ್ಟಿನ ಕೆರೆಗಳು. ದೋಣಿ ಇಳಿಸುವ ರ‍್ಯಾಂಪ್ ಹತ್ತಿರದ ಫಲಕದಲ್ಲಿ ಕೆಂಪು ಬಣ್ಣದ ಕೋಟೆಯ ಚಿತ್ರ (ಅದು ಕೋರ್‌ನ ಲಾಂಛನ) ಕಂಡರೆ ನೀವು ಅವರ ಜಾಗದಲ್ಲಿದ್ದೀರಿ ಎಂದರ್ಥ. ಕೋರ್‌ನ ನಿಯಮಾವಳಿ ಗುಂಡು ತುಂಬಿದ ಬಂದೂಕನ್ನು ತನ್ನ ನೆಲ-ನೀರಿನಲ್ಲಿ ನಿಷೇಧಿಸುತ್ತದೆ. ಅನುಮತಿ ಇರುವ ಬೇಟೆ, ಗೊತ್ತುಪಡಿಸಿದ ಶೂಟಿಂಗ್ ರೇಂಜ್, ಜಿಲ್ಲಾ ಕಮಾಂಡರ್ ಬರೆದುಕೊಟ್ಟ ಒಪ್ಪಿಗೆ ಇಂಥವು ಬಿಟ್ಟು. ಟೆಕ್ಸಸ್ ಲೈಸೆನ್ಸ್ ಜೇಬಿನಲ್ಲಿದ್ದರೂ ಇದು ಅನ್ವಯ. ದಂಡ 5,000 ಡಾಲರ್‌ವರೆಗೆ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಅಮೆರಿಕದ ಪ್ರಜೆಗೆ ಇದು ದುಬಾರಿ ಟಿಕೆಟ್, ಅಷ್ಟೆ. ಗ್ರೀನ್ ಕಾರ್ಡ್‌ನವರಿಗೆ ಹಾಗಲ್ಲ: ಬಂದೂಕು ಒಯ್ಯುವ ಕಾನೂನನ್ನು ಮುರಿದು ಶಿಕ್ಷೆಯಾದರೆ ಅದು ಗಡೀಪಾರಿಗೆ ಕಾರಣವಾಗಬಲ್ಲದು. ಕೋರ್‌ನ ಈ ನಿಯಮ ಬದಲಿಸಬೇಕೆಂಬ ಒತ್ತಾಯ ಹಳೆಯದು, ಆದ್ದರಿಂದ ಹೊರಡುವ ಮುನ್ನ ಆ ಕೆರೆಯ ಕಚೇರಿಗೆ ಫೋನ್ ಮಾಡಿ ಕೇಳುವುದೇ ಸರಿ.

ಹೊಳೆಗಳ ಕತೆ ಬೇರೆ. ಟೆಕ್ಸಸ್‌ನಲ್ಲಿ ಸರಾಸರಿ 30 ಅಡಿ ಅಗಲ ಇರುವ ಹೊಳೆಯ ಪಾತ್ರ ಸಾರ್ವಜನಿಕರದ್ದು, ದಡ ಮಾತ್ರ ಸಾಮಾನ್ಯವಾಗಿ ಯಾರದ್ದೋ ಖಾಸಗಿ ಜಮೀನು. ಮರದ ಬೊಡ್ಡೆಯ ಮೇಲೆ ನೆಲದಿಂದ ಮೂರರಿಂದ ಐದು ಅಡಿ ಎತ್ತರದಲ್ಲಿ ನೇರಳೆ ಬಣ್ಣದ ಉದ್ದ ಗೆರೆ ಎಳೆದಿದ್ದರೆ, ‘ಒಳಗೆ ಬರಬೇಡಿ’ ಎಂಬ ಬೋರ್ಡಿಗೆ ಇರುವಷ್ಟೇ ಬೆಲೆ ಅದಕ್ಕಿದೆ. ಊಟಕ್ಕೆ, ಮೂತ್ರಕ್ಕೆ ಎಂದು ಅಂಥ ದಡ ಹತ್ತಿದರೆ ಅತಿಕ್ರಮ ಪ್ರವೇಶ. ಮೈಮೇಲೆ ಪಿಸ್ತೂಲು ಇಟ್ಟುಕೊಂಡು ಹತ್ತಿದರೆ ಅದೇ ತಪ್ಪಿನ ದರ್ಜೆ ಏರಿ, ಸಣ್ಣ ಅಪರಾಧಗಳಲ್ಲೇ ಅತಿ ಗಂಭೀರವಾದ ಕ್ಲಾಸ್ ಎ ಆಗುತ್ತದೆ. ಜಮೀನಿನ ಯಜಮಾನನ ಬಳಿಯೂ ಬಂದೂಕು ಇರುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಯ್ಯುವ ಅರ್ಹತೆ ಇದ್ದವರೂ ತಿಳಿದಿರಬೇಕಾದ ಎರಡು-ಮೂರು ಮಾತು. ದೋಣಿಯಲ್ಲಿ ಪಿಸ್ತೂಲು ಕಣ್ಣಿಗೆ ಕಾಣುವಂತಿದ್ದರೆ ಅದರ ಒರೆಯಾದ ಹೋಲ್‌ಸ್ಟರ್‌ನಲ್ಲೇ ಇರಬೇಕು. ಕುಡಿದು ಅಮಲಿನಲ್ಲಿ ಸಾರ್ವಜನಿಕ ಜಾಗದಲ್ಲಿ ಒಯ್ಯುವುದು ಅಪರಾಧ, ಹಾಗಾಗಿ ಬಿಯರ್ ಕೂಲರ್ ಮತ್ತು ಪಿಸ್ತೂಲು ಒಂದೇ ಪ್ರವಾಸಕ್ಕೆ ಬೇಡ. ಮೂರನೆಯದು, ಲೈಸೆನ್ಸ್ ಬೇಡದಿದ್ದರೂ ಮಾಡಿಸಿಕೊಳ್ಳುವುದು ಒಳ್ಳೆಯದು: ಶಾಲೆಯ 1,000 ಅಡಿ ದೂರದೊಳಗೆ ಬಂದೂಕು ತರಬಾರದೆಂಬ ಕೇಂದ್ರದ ಕಾನೂನಿನಿಂದ ಬಿಡುಗಡೆ ಸಿಗುವುದು ಆ ರಾಜ್ಯದ ಲೈಸೆನ್ಸ್ ಇದ್ದವರಿಗೆ. ಮನೆಯಿಂದ ರ‍್ಯಾಂಪ್‌ಗೆ ಹೋಗುವ ದಾರಿಯಲ್ಲಿ ಎಷ್ಟು ಶಾಲೆ ದಾಟುತ್ತೀರಿ, ಎಣಿಸಿ ನೋಡಿ. ನಾಲ್ಕರಿಂದ ಆರು ಗಂಟೆಯ ಪಾಠ, ಮೂರು, ಏಳು, ಹದಿನೈದು ಗಜ ದೂರದಿಂದ ಒಟ್ಟು 50 ಗುಂಡಿನ ಪರೀಕ್ಷೆ, ಇಷ್ಟರಲ್ಲಿ ಮುಗಿಯುತ್ತದೆ.

ಕಾನೂನು ಬದಿಗಿರಲಿ, ಕಯಾಕ್‌ನಲ್ಲಿ ಪಿಸ್ತೂಲು ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ನೋಡೋಣ. ಸೊಂಟದ ಬಲಕ್ಕೆ ಕಟ್ಟಿದರೆ ಸೀಟಿನ ಬೆನ್ನುಪಟ್ಟಿ ಒತ್ತುತ್ತದೆ, ಮೇಲೆ ಲೈಫ್ ಜಾಕೆಟ್ ಮುಚ್ಚುತ್ತದೆ. ಒಳಗೆ ಕೂರುವ ಕಯಾಕ್ ಆದರೆ ನೀರು ಒಳಬಾರದಂತೆ ಸೊಂಟದ ಸುತ್ತ ಮುಚ್ಚುವ ಸ್ಪ್ರೇ ಸ್ಕರ್ಟ್ ಬಿಚ್ಚಿ ಕೈ ಹಾಕಬೇಕು, ಎರಡು ಕೈಯಲ್ಲೂ ಇದ್ದ ಹುಟ್ಟನ್ನು ಅಷ್ಟರಲ್ಲಿ ಎಲ್ಲಿಡುತ್ತೀರಿ? ಎದೆಯ ಮೇಲಿನ ಹೋಲ್‌ಸ್ಟರ್ ಕೈಗೆ ಬೇಗ ಸಿಗುತ್ತದೆ. ಆದರೆ ದೋಣಿ ಮಗುಚಿದಾಗ ಹೊಟ್ಟೆಯ ಮೇಲೆ ಜಾರಿ ಮತ್ತೆ ಹತ್ತಬೇಕಲ್ಲ, ಆಗ ಅಂಚಿಗೆ ಸಿಕ್ಕಿಕೊಳ್ಳುವುದು ಅದೇ. ಲೈಫ್ ಜಾಕೆಟ್ಟಿನ ಜೇಬಿನಲ್ಲಿ ಸೀಟಿ, ಬೀಗದ ಕೈ ಜೊತೆ ಬಿಡಿಯಾಗಿ ಹಾಕುವವರಿದ್ದಾರೆ. ಟ್ರಿಗರ್ ಮುಚ್ಚದ ಪಿಸ್ತೂಲು ಎದೆಗೆ ಹತ್ತಿರ ಇರುವುದಕ್ಕಿಂತ ಇಲ್ಲದಿರುವುದೇ ಲೇಸು. ಡ್ರೈ ಬ್ಯಾಗಿನಲ್ಲಿಟ್ಟರೆ ಒದ್ದೆಯಾಗದು, ಆದರೆ ಬಾಯಿ ಮೂರು ಸುತ್ತು ಬಿಚ್ಚಿ ತೆಗೆಯುವಷ್ಟರಲ್ಲಿ ಯಾವ ಗಂಡಾಂತರವೂ ಕಾದು ನಿಲ್ಲುವುದಿಲ್ಲ.

ತೆಗೆದರೂ ಗುರಿ? ನೀರಿನ ಮೇಲೆ ಅಡ್ಡಕ್ಕೆ ಬಿದ್ದ ಗುಂಡು ಮುಳುಗುವುದಿಲ್ಲ, ಪುಟಿದು ಎದುರು ದಡದ ಮೀನುಗಾರನ ಕಡೆ ಹೋಗಬಹುದು. ಪಕ್ಕಕ್ಕೆ ತಿರುಗಿ ಹೊಡೆಯಲು ಹೋದರೆ ಸೊಂಟ ತಿರುಗಿದ ಕಡೆಗೇ ದೋಣಿ ವಾಲುತ್ತದೆ. ಇಲ್ಲಿನ ಕಾಟನ್‌ಮೌತ್ ಹಾವು ವಿಷದ್ದು, ಆದರೆ ಅಟ್ಟಿಸಿಕೊಂಡು ಬರುವುದು ಕಡಿಮೆ. ಹುಟ್ಟಿನ ಅಲಗಿನಿಂದ ನೀರು ಚಿಮ್ಮಿಸಿ ಹಿಂದಕ್ಕೆ ಸರಿಯಿರಿ. ಬಾಗಿದ ಕೊಂಬೆ ಹಿಡಿದು ದೋಣಿ ನಿಲ್ಲಿಸುವ ಅಭ್ಯಾಸ ಬಿಡಿ.

ನೀರಿಗೆ ಬಿದ್ದ ಪಿಸ್ತೂಲಿನದ್ದು ಇನ್ನೊಂದು ಕೆಲಸ. ನಳಿಗೆಯಲ್ಲಿ ನೀರು ತುಂಬಿರುವಾಗ ಹಾರಿಸಿದರೆ ಒತ್ತಡ ಏರಿ ನಳಿಗೆ ಉಬ್ಬಬಹುದು, ಆದ್ದರಿಂದ ಬಾಯಿ ಕೆಳಗೆ ಮಾಡಿ, ಸ್ಲೈಡ್ ತುಸು ಹಿಂದೆಳೆದು ನೀರು ಇಳಿಯಲು ಬಿಡಬೇಕು. ದಡಕ್ಕೆ ಬಂದ ಮೇಲೆ ಗುಂಡು ಪೂರ್ತಿ ತೆಗೆದು, ಚೇಂಬರ್ ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾಲಿ ಎಂದು ಖಾತ್ರಿ ಮಾಡಿ, ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು. ಗ್ಯಾಲ್ವೆಸ್ಟನ್ ಕಡೆಯ ಉಪ್ಪುನೀರಾದರೆ ಅದೇ ದಿನ. ಎಲ್ಲರೂ ಮರೆಯುವುದು ಗುಂಡು ತುಂಬಿಡುವ ಮ್ಯಾಗಜಿನ್ನನ್ನು: ತುಕ್ಕು ಮೊದಲು ಹಿಡಿಯುವುದು ಅದರ ಸ್ಪ್ರಿಂಗ್‌ಗೆ. ಗುಂಡುಗಳ ಮೇಲೆ ಡಬ್ಲ್ಯೂಡಿ-40 ಹೊಡೆಯಬಾರದು, ಅದು ಗುಂಡಿನ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಒಳಗೆ ಇಳಿದು ಗುಂಡು ಹಾರದಂತೆ ಮಾಡಬಹುದು. ನೆನೆದ ಗುಂಡನ್ನು ರಕ್ಷಣೆಗೆ ನಂಬದೆ ಹೊಸದು ತುಂಬುತ್ತಾರೆ. ಚರ್ಮದ ಹೋಲ್‌ಸ್ಟರ್ ನೆಂದರೆ ಉಬ್ಬುತ್ತದೆ, ತಳದಲ್ಲಿ ತೂತಿರುವ, ಗಟ್ಟಿ ಪ್ಲಾಸ್ಟಿಕ್ಕಾದ ಕೈಡೆಕ್ಸ್‌ನದ್ದು ವಾಸಿ.

ಈಗ ನೀವು ನಿಜಕ್ಕೂ ಒಯ್ಯಬೇಕಾದ್ದು. ಕೋಸ್ಟ್ ಗಾರ್ಡ್‌ನ 2023ರ ಲೆಕ್ಕ ನೋಡಿ: ಮೋಜಿನ ದೋಣಿಯಾನದಲ್ಲಿ ಸತ್ತವರು 564 ಜನ. ಸಾವಿನ ಕಾರಣ ಗೊತ್ತಾದವರಲ್ಲಿ ಮುಕ್ಕಾಲು ಪಾಲು ಮುಳುಗಿ ಸತ್ತವರು, ಮುಳುಗಿದವರಲ್ಲಿ ಶೇ. 87ರಷ್ಟು ಜನ ಲೈಫ್ ಜಾಕೆಟ್ ಹಾಕಿರಲಿಲ್ಲ. ನಮ್ಮಲ್ಲಿ ಈಜು ಬಾರದವರೇ ಹೆಚ್ಚು, ಬಂದರೂ ಬಾವಿ ಅಥವಾ ಕೊಳದ ಈಜು. ಟೆಕ್ಸಸ್‌ನಲ್ಲಿ 13 ತುಂಬದ ಮಕ್ಕಳು ಜಾಕೆಟ್ ತೊಟ್ಟಿರಲೇಬೇಕು. ದೊಡ್ಡವರಿಗೆ ದೋಣಿಯಲ್ಲಿದ್ದರೆ ಸಾಕು ಅನ್ನುತ್ತದೆ ಕಾನೂನು, ನೀವು ಆ ಸಲಿಗೆ ತೆಗೆದುಕೊಳ್ಳಬೇಡಿ. ಪಟ್ಟಿ ಎಲ್ಲ ಬಿಗಿದು, ಇನ್ನೊಬ್ಬರಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆಳೆಯಲು ಹೇಳಿ. ಜಾಕೆಟ್ ಗದ್ದ ದಾಟಿ ಕಿವಿಗೆ ಬಂದರೆ ಅದು ನಿಮ್ಮ ಅಳತೆಯದ್ದಲ್ಲ.

ಮೊದಲ ಸಲಕ್ಕೆ ಮೇಲೆ ಕೂರುವ ಕಯಾಕ್ ಬಾಡಿಗೆಗೆ ತೆಗೆದುಕೊಳ್ಳಿ. ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ, ಆಚೆ ಅಂಚು ಹಿಡಿದು, ಕಾಲು ಬಡಿದು ದೇಹ ನೀರಿನ ಮಟ್ಟಕ್ಕೆ ಬಂದ ಮೇಲೆ ಹೊಟ್ಟೆಯ ಮೇಲೆ ಜಾರಿ ಹತ್ತಿ, ಮಲಗಿದಂತೆಯೇ ಹೊರಳಿ ಕೂರಿ. ಬಿಡದೆ ಮಾಡಿದರೆ ಅರ್ಧ ಗಂಟೆಯಲ್ಲಿ ಕೈಹತ್ತುತ್ತದೆ. ಜನವರಿ-ಫೆಬ್ರವರಿಯಲ್ಲಿ ಇಲ್ಲಿನ ಕೆರೆ ನೀರು 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಮೇಲೆ ಬಿಸಿಲಿದ್ದರೂ. ಬಿದ್ದ ಮೊದಲ ನಿಮಿಷ ಉಸಿರು ಹತೋಟಿಗೆ ತರಲು, ಮುಂದಿನ ಹತ್ತು ನಿಮಿಷ ಕೈಕಾಲು ಮಾತು ಕೇಳುವಾಗಲೇ ಹತ್ತಲು. ಆ ಹತ್ತು ನಿಮಿಷ ಕಳೆದರೆ ಬೆರಳು ಬಕಲ್ ಕೂಡ ಹಿಡಿಯದು.

ಜಾಕೆಟ್ಟಿಗೆ ಕಟ್ಟಿದ ಸೀಟಿ, ನೀರು ಹೋಗದ ಚೀಲದಲ್ಲಿ ಫೋನು, ಸಂಜೆ ತಡವಾಗುವಂತಿದ್ದರೆ ಬಿಳಿ ದೀಪ. ಎಲ್ಲಿ ಇಳಿಯುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಬರೆದಿಟ್ಟ ಚೀಟಿ. ಮನುಷ್ಯರ ಭಯ, ನಾಯಿಯ ಭಯ ಇದ್ದರೆ ಪೆಪ್ಪರ್ ಸ್ಪ್ರೇಯ ಜೆಲ್ ಬಗೆಯದ್ದು ಕೊಳ್ಳಿ, ನೀರಿನ ಮೇಲಿನ ಗಾಳಿಗೆ ಅದು ನಿಮ್ಮ ಮುಖಕ್ಕೆ ತಿರುಗುವುದು ಕಡಿಮೆ. ಸಣ್ಣ ಡಬ್ಬಿ ಟೆಕ್ಸಸ್‌ನಲ್ಲಿ ಕಾನೂನುಬದ್ಧ. ಹೇಳಬೇಕೆಂದರೆ ಪಾರ್ಕಿಂಗ್‌ನಲ್ಲಿ ಹೆಚ್ಚಿನ ಕಾಟ ಗಾಜು ಒಡೆಯುವವರದ್ದು. ಲ್ಯಾಪ್‌ಟಾಪ್, ಪಾಸ್‌ಪೋರ್ಟ್ ಕಾರಿನಲ್ಲಿ ಬಿಡಬೇಡಿ.

ಮುಂದೊಂದು ದಿನ ಮೆಕ್ಸಿಕೊ ಗಡಿಯ ರಾಷ್ಟ್ರೀಯ ಉದ್ಯಾನವಾದ ಬಿಗ್ ಬೆಂಡ್‌ಗೆ ಹೋಗುತ್ತೀರಿ, ರಿಯೋ ಗ್ರಾಂಡೆಯ ಸಾಂಟಾ ಎಲೆನಾ ಕಣಿವೆ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. 2010ರ ಫೆಬ್ರವರಿಯಿಂದ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಒಯ್ಯಬಹುದು, ಸರ್ಕಾರಿ ಕಟ್ಟಡಗಳ ಒಳಗಲ್ಲ. ಆದರೆ ಆ ನದಿಯ ಎಡದಡ ಅಮೆರಿಕ, ಬಲದಡ ಮೆಕ್ಸಿಕೊ. ಜೊತೆಯವನ ಬಳಿ ಪಿಸ್ತೂಲಿರಲಿ, ಒಂದೇ ಒಂದು ಗುಂಡಿರಲಿ, ಊಟಕ್ಕೆಂದು ಆಚೆ ದಡಕ್ಕೆ ಇಳಿದರೆ ಮೆಕ್ಸಿಕೊದ ಕಾನೂನಿನಲ್ಲಿ ಜೈಲಿನ ಮಾತು. ನಿಮಗಂತೂ ಪಿಸ್ತೂಲು ಇಲ್ಲದಿದ್ದರೂ ಗೊತ್ತುಪಡಿಸಿದ ಗಡಿ ದ್ವಾರ ಬಿಟ್ಟು ಆಚೆ ಕಾಲಿಟ್ಟು ಬರುವುದು ವೀಸಾಕ್ಕೆ ತಲೆನೋವು. ಪಾಸ್‌ಪೋರ್ಟ್, ಐ-94 (ಅಮೆರಿಕಕ್ಕೆ ಪ್ರವೇಶಿಸಿದ ದಾಖಲೆ) ಪ್ರತಿ ಡ್ರೈ ಬ್ಯಾಗಿನಲ್ಲಿರಲಿ, ವಾಪಸ್ ಬರುವ ರಸ್ತೆಯಲ್ಲಿ ಬಾರ್ಡರ್ ಪೆಟ್ರೋಲ್ ತನಿಖೆ ಇರುತ್ತದೆ.

ಕೊನೆಯದಾಗಿ ಬ್ಯಾಗಿನ ವಿಷಯ. ಗೆಳೆಯರ ಡ್ರೈ ಬ್ಯಾಗ್, ಬೆನ್ನುಚೀಲ ಎರವಲು ತಂದರೆ ಅದೇ ಚೀಲ ಹಾಕಿಕೊಂಡು ಊರಿಗೆ ವಿಮಾನ ಹತ್ತಬೇಡಿ. ರೇಂಜ್‌ಗೆ ಹೋಗಿ ಬಂದ ಚೀಲದ ಅಸ್ತರಿನ ಸಂದಿಯಲ್ಲಿ ಬಿಡಿ ಗುಂಡೊಂದು ಉಳಿದುಬಿಟ್ಟಿರುತ್ತದೆ. ಅದು ಬೆಂಗಳೂರು, ದೆಹಲಿ ನಿಲ್ದಾಣದ ಎಕ್ಸ್-ರೇಯಲ್ಲಿ ಕಂಡರೆ 1959ರ ಆಯುಧ ಕಾಯ್ದೆಯಡಿ ಕೇಸು. ಗೊತ್ತಿಲ್ಲದೆ ಉಳಿದದ್ದು ಎಂದು ಕೋರ್ಟ್ ಒಪ್ಪಬಹುದು, ಆದರೆ ಅದಕ್ಕೆ ಮೊದಲು ಪೊಲೀಸ್ ಠಾಣೆ, ವಕೀಲ, ತಪ್ಪಿಹೋದ ವಿಮಾನ ಎಲ್ಲ ಆಗಿರುತ್ತದೆ. ಹೊಸ ಚೀಲ ಕೊಳ್ಳಿ, ಇಲ್ಲವೇ ಪ್ರತಿ ಜೇಬನ್ನೂ ಹೊರಮಗ್ಗುಲು ಮಾಡಿ ಕೊಡವಿ.